ಅಂಚಿನ ಮರಕ್ಕೆ ಮೊದಲ ಮದ್ದು

ಮಗಳ ಮೊಡವೆಗೆಂದು ಕಲಸಿದ ಮದ್ದನ್ನು ಮಹಾಗಣಪತಿ ಭಟ್ಟರು ಮೊದಲು ಕೆಲಸದ ಚೆನ್ನುವಿನ ಎಡಗೆನ್ನೆಗೆ ಹಚ್ಚಿ ನೋಡಿದರು. ಕೆನ್ನೆ ಸುಟ್ಟುಹೋಯಿತು.

ಇದು ನಡೆದದ್ದು ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಮೇ ತಿಂಗಳಲ್ಲಿ, ಒಂದು ಸೋಮವಾರ ಬೆಳಗ್ಗೆ ಒಂಬತ್ತು ಗಂಟೆಗೆ, ಕಾಣಿಯೂರಿನಿಂದ ಒಂದೂವರೆ ಮೈಲು ಒಳಗಿರುವ ಭಟ್ಟರ ಅಂಗಳದಲ್ಲಿ.

ಭಟ್ಟರು ಕೆಟ್ಟವರಲ್ಲ ಎಂದು ಊರು ಹೇಳುತ್ತದೆ. ಊರು ಎಂದರೆ ಅವರ ಜಗಲಿಯ ಮೇಲೆ ಕೂರುವವರು. ಅಂಗಳದಲ್ಲಿ ನಿಲ್ಲುವವರನ್ನು ಯಾರೂ ಕೇಳಿಲ್ಲ. ಭಟ್ಟರಿಗೆ ಗಡಿಬಿಡಿ ಜಾಸ್ತಿ ಎಂಬುದನ್ನು ಮಾತ್ರ ಎರಡು ಕಡೆಯವರೂ ಒಪ್ಪುತ್ತಾರೆ. ಪುತ್ತೂರಿಗೆಂದು ಹೊರಟು ಸುಳ್ಯದ ಬಸ್ಸು ಹತ್ತಿ, ಅಲ್ಲಿ ಇಳಿದು, ಪುತ್ತೂರು ಮೊದಲಿನ ಹಾಗಿಲ್ಲ, ಪೇಟೆಯನ್ನೇ ತಿರುಗಿಸಿ ಕಟ್ಟಿದ್ದಾರೆ ಎಂದು ಮನೆಗೆ ಬಂದು ದೂರಿದವರು ಅವರು.

ಇಂಥ ಭಟ್ಟರಿಗೆ ಹಿಂದಿನ ವರ್ಷ ಒಂದು ಸರ್ಟಿಫಿಕೇಟು ಸಿಕ್ಕಿತ್ತು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತಿನ ನೀಲಿ ಮದ್ದು ಬಿಡುವುದನ್ನು ಪುತ್ತೂರಿನಲ್ಲಿ ಒಂದು ದಿನ ಸರಕಾರದವರು ತೋರಿಸಿದ್ದರು. ನೋಡಲು ಬಂದವರಿಗೆಲ್ಲ ‘ಹಾಜರಿದ್ದರು’ ಎಂದು ಒಂದೊಂದು ಕಾಗದ ಕೊಟ್ಟಿದ್ದರು. ಭಟ್ಟರು ಅದಕ್ಕೆ ಗಾಜು ಹಾಕಿಸಿ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದರು. ಅಂದು ಅಧಿಕಾರಿ ಎರಡು ಗಂಟೆ ಮಾತಾಡಿದ್ದರಲ್ಲಿ ಭಟ್ಟರ ತಲೆಯಲ್ಲಿ ಉಳಿದದ್ದು ಒಂದೇ ಮಾತು: ‘ಹೊಸ ಮದ್ದನ್ನು ಇಡೀ ತೋಟಕ್ಕೆ ಬಿಡಬೇಡಿ. ಮೊದಲು ಅಂಚಿನ ಒಂದು ಮರಕ್ಕೆ ಬಿಟ್ಟು ನೋಡಿ. ಸುಟ್ಟರೆ ಒಂದು ಮರ ಹೋದೀತು, ತೋಟ ಉಳಿದೀತು.’

ಆ ಮಾತು ಒಂದು ವರ್ಷ ತಲೆಯೊಳಗೆ ಸುಮ್ಮನೆ ಬಿದ್ದಿತ್ತು.

ಭಟ್ಟರ ಮಗಳು ಶಂಕರಿಗೆ ಹತ್ತೊಂಬತ್ತು. ಬರುವ ಭಾನುವಾರ ಬೆಳ್ಳಾರೆಯಿಂದ ಮಹೇಶ್ವರ ಭಟ್ಟರು ಹೆಂಡತಿ ಮಗನ ಸಮೇತ ಹುಡುಗಿ ನೋಡಲು ಬರುವುದೆಂದು ನಿಶ್ಚಯವಾಗಿತ್ತು. ಶಂಕರಿಯ ಮುಖದಲ್ಲಿ ಆರು ಮೊಡವೆ ಇದ್ದವು. ನೆಂಟರು ಹೇಳಿದರೆಂದು ಅವುಗಳಿಗೆ ಲಿಂಬೆರಸ ಉಜ್ಜಿ ಬಿಸಿಲಲ್ಲಿ ಕೂರಿಸಿದರು, ಮುಖ ಕಪ್ಪಾಯಿತು. ಆಚೆಮನೆಯ ಬೆಳ್ಯಪ್ಪ ಗೌಡರು ಹೇಳಿದರೆಂದು ಹಸಿ ಬೆಳ್ಳುಳ್ಳಿ ತಿಕ್ಕಿದರು, ಬೊಕ್ಕೆ ಎದ್ದಿತು. ಅಂಚೆಯವನು ಹೇಳಿದನೆಂದು ಹಲ್ಲುಪುಡಿ ಮೆತ್ತಿದರು. ಮುಖದಿಂದ ಲವಂಗದ ಪರಿಮಳ ಬಂತು, ಬೇರೆ ಏನೂ ಆಗಲಿಲ್ಲ. ಒಂದು ವಾರದಲ್ಲಿ ಆರು ಇದ್ದದ್ದು ಹನ್ನೊಂದಾಯಿತು. ಭಟ್ಟರು ದಿನಾ ಬೆಳಗ್ಗೆ ಎಣಿಸುತ್ತಿದ್ದರು.

ಹನ್ನೊಂದು ಎಂದು ಎಣಿಸಿದ ದಿನ ಅವರಿಗೆ ಬೆಳಕಾಯಿತು.

“ಪರಮೇಶ್ವರೀ, ಇಲ್ಲಿ ಬಾ. ಅಡಿಕೆಗೆ ಕೊಳೆರೋಗ ಬರುದು ಹೇಗೆ? ಮೊದಲು ಒಂದು ಚುಕ್ಕೆ. ಮತ್ತೆ ಅದರಲ್ಲಿ ನೀರು. ಮತ್ತೆ ಕೊಳೆ. ಇವಳ ಮುಖದಲ್ಲಿ ಎಂತ ಉಂಟು?”

“ಮೊಡವೆ ಉಂಟು,” ಎಂದರು ಹೆಂಡತಿ.

“ಚುಕ್ಕೆ ಉಂಟು! ನೀರು ಉಂಟು! ಕೊಳೆ ಒಂದು ಬಾಕಿ.”

“ನನ್ನ ಮಗಳು ಎಂತ ಅಡಿಕೆಗೊನೆಯಾ?”

“ಸರ್ಟಿಫಿಕೇಟು ಕೊಟ್ಟದ್ದು ನಿನಗಾ, ನನಗಾ?”

ಗೋಡೆಯ ಮೇಲಿನ ಗಾಜನ್ನು ನೋಡಿ ಪರಮೇಶ್ವರಿಯಮ್ಮ ಒಳಗೆ ಹೋದರು. ಭಟ್ಟರು ತೆಂಗಿನ ಗೆರಟೆಯಲ್ಲಿ ಒಂದು ಚಿಟಿಕೆ ಮೈಲುತುತ್ತು ಕರಗಿಸಿ, ಸುಣ್ಣ ಸೇರಿಸಿದರು. ಮದ್ದು ಗೊನೆಗೆ ಅಂಟಿ ನಿಲ್ಲಲು ರಾಳ ಬೇಕು. ರಾಳ ಮುಗಿದಿತ್ತು. ಬಾಗಿಲ ದಾರಂದಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಒಂದು ಕುಪ್ಪಿ ಇತ್ತು. ಗೇರುಬೀಜ ಸುಟ್ಟು ಒಡೆಯುವಾಗ ಅದರ ಸೊನೆ ತಾಗಿದರೆ ಕೈ ಸುಲಿಯುತ್ತದೆ ಎಂದು ಈ ಸೀಮೆಯಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಭಟ್ಟರಿಗೂ ಗೊತ್ತಿತ್ತು. ಆದರೆ ಗೆದ್ದಲನ್ನೇ ಕೊಂದದ್ದು ಮೊಡವೆಯನ್ನು ಬಿಟ್ಟೀತೇ? ನಾಲ್ಕು ಹನಿ ಬಿಟ್ಟು ಕದಡಿದರು. ಮದ್ದು ನವಿಲಿನ ಕುತ್ತಿಗೆಯ ಬಣ್ಣಕ್ಕೆ ಬಂತು.

ಮಗಳನ್ನು ಕರೆಯಲು ಬಾಯಿ ತೆರೆದಾಗ ಅಧಿಕಾರಿಯ ಮಾತು ನೆನಪಾಯಿತು. ಅಂಚಿನ ಮರ!

ಅಂಗಳದ ಅಂಚಿನಲ್ಲಿ ಚೆನ್ನು ದನದ ಹಟ್ಟಿಗೆ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ವಯಸ್ಸು ಹದಿನೆಂಟು. ಆ ಕಡೆಯ ಕೇರಿಯಲ್ಲಿ ಅಜ್ಜಿ ಅಮ್ಮುವಿನ ಜೊತೆ ಇರುವವಳು.

“ಚೆನ್ನೂ, ಬಾ ಇಲ್ಲಿ. ನಿನಗೆ ಮೊಡವೆ ಉಂಟಲ್ಲ?”

“ಎರಡು ಉಂಟು ಧನಿಗಳೇ. ಅದರಷ್ಟಕ್ಕೆ ಬರ್ತದೆ, ಅದರಷ್ಟಕ್ಕೆ ಹೋಗ್ತದೆ.”

“ಅದರಷ್ಟಕ್ಕೆ ಹೋಗುದು ಬೇಡ, ನಾನು ಹೋಗಿಸ್ತೇನೆ. ಕೆನ್ನೆ ಈಚೆ ಮಾಡು.”

ಭಟ್ಟರು ಎರಡು ಮೊಳದ ಕೋಲಿನ ತುದಿಗೆ ಹತ್ತಿ ಸುತ್ತಿಕೊಂಡಿದ್ದರು. ಮದ್ದು ಅವಳನ್ನು ಮುಟ್ಟಬಹುದು, ಭಟ್ಟರು ಮುಟ್ಟಬಾರದು. ಶಾಸ್ತ್ರವೂ ವಿಜ್ಞಾನವೂ ಒಂದೇ ಕೋಲಿನಲ್ಲಿ ಇಷ್ಟು ಸಲೀಸಾಗಿ ಸೇರಿದ್ದು ಆ ತಾಲೂಕಿನಲ್ಲಿ ಅದೇ ಮೊದಲು.

“ಇದು ಅಡಿಕೆಗೆ ಬಿಡುವ ನೀಲಿ ಅಲ್ವಾ ಧನಿಗಳೇ?”

“ಅದೇ. ಅಡಿಕೆಯೇ ತಡ್ಕೊಳ್ತದೆ, ನಿನಗೆಂತ?”

“ಅಡಿಕೆಗೆ ಸಿಪ್ಪೆ ಉಂಟಲ್ಲ?”

ಆ ದಿನ ಆ ಅಂಗಳದಲ್ಲಿ ಆಡಿದ ಮಾತುಗಳಲ್ಲಿ ಬುದ್ಧಿ ಇದ್ದದ್ದು ಇದೊಂದಕ್ಕೇ. ಭಟ್ಟರು ಹಚ್ಚಿದರು. ಹಚ್ಚಿ, ಗಡಿಯಾರ ಹಿಡಿದು ಜಗಲಿಯ ಮೇಲೆ ಕೂತರು.

“ಉರಿತದೆ!”

“ಉರಿಯುದು ಅಂದರೆ ಹಿಡಿಯುದು.”

“ಧನಿಗಳೇ, ಕಣ್ಣಿಗೆ ಬರ್ತದೆ! ತೊಳಿತೇನೆ!”

“ತೊಳೆದರೆ ಪರೀಕ್ಷೆ ಹಾಳು! ಅರ್ಧ ಗಂಟೆ ಆಗ್ಲಿ!”

ಚೆನ್ನು ಕೆರೆಗೆ ಓಡಿದಳು. ಭಟ್ಟರು ಪುಸ್ತಕ ತೆಗೆದು ಬರೆದುಕೊಂಡರು: ‘ಹನ್ನೊಂದು ನಿಮಿಷ. ಅಂಚಿನ ಮರ ಓಡಿತು.’

ಸಂಜೆಗೆ ಕೆನ್ನೆ ಊದಿ ಎಡಗಣ್ಣು ಮುಚ್ಚಿತು. ಮರುದಿನ ಬೊಕ್ಕೆ ಒಡೆಯಿತು. ಪರಮೇಶ್ವರಿಯಮ್ಮ ಗಂಡನಿಗೆ ಗೊತ್ತಾಗದ ಹಾಗೆ ಅರಸಿನ ಮತ್ತು ಕಹಿಬೇವಿನ ಸೊಪ್ಪು ಅರೆದು, ಬಾಳೆಲೆಯಲ್ಲಿ ಕಟ್ಟಿ, ಹಿತ್ತಿಲ ಬಾಗಿಲಿನಿಂದ ಕೊಟ್ಟರು. “ಶನಿವಾರದವರೆಗೆ ಬರ್ಬೇಡ ಚೆನ್ನು. ನೊಣ ಕೂರದ ಹಾಗೆ ನೋಡ್ಕೋ. ಯಾರಿಗೂ ಹೇಳ್ಬೇಡ, ಮಗಳ ಕಾರ್ಯ ಉಂಟು.” ಮನಸ್ಸು ಒಳ್ಳೆಯದೇ. ಆದರೆ ಆ ಮನೆಯ ಒಳ್ಳೆಯತನ ಹಿತ್ತಿಲ ಬಾಗಿಲಿನಿಂದ ಮಾತ್ರ ಹೊರಗೆ ಬರುತ್ತಿತ್ತು.

ಇನ್ನು ಬೆಳ್ಯಪ್ಪ ಗೌಡರು. ಬುಧವಾರ ಅವರು ಕೇರಿಯ ದಾರಿಯಲ್ಲಿ ಹೋಗುವಾಗ ಕಂಡದ್ದು ಇಷ್ಟು: ಗುಡಿಸಲ ಬಾಗಿಲಲ್ಲಿ ಬೇವಿನ ಗೆಲ್ಲು. ಒಳಗೆ ಚಾಪೆಯ ಮೇಲೆ ಚೆನ್ನು. ಮುಖದ ತುಂಬ ಅರಸಿನ, ಅದರ ನಡುವೆ ಕಪ್ಪು ಹೊಪ್ಪಳೆ. ಪಕ್ಕದಲ್ಲಿ ಅಜ್ಜಿ ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತಿದ್ದಾಳೆ.

ನೊಣ ಓಡಿಸಲು ಬೇವು ಕಟ್ಟಿದ್ದೆಂದು ಯಾರು ತಿಳಿಯಬೇಕು? ಬಾಗಿಲಿಗೆ ಬೇವು ಕಟ್ಟುವುದು ಅಮ್ಮ ಬಂದ ಮನೆಗೆ. ಕಾಣಿಯೂರಿನ ಆಚೆ ಗುಡ್ಡೆಯಲ್ಲಿ ಸಿಡುಬಿನವರಿಗೆಂದು ಸೋಗೆಯ ಚಪ್ಪರ ಹಾಕಿ ಅದಾಗಲೇ ಮೂವರನ್ನು ಮಲಗಿಸಿದ್ದರು. ಗೌಡರು ಹಿಂದೆ ತಿರುಗದೆ ಓಡಿದರು.

ಗೌಡರು ಬಾಯಿಬಡುಕರಲ್ಲ. ಅವರು ಹೇಳಿದ್ದು ಒಬ್ಬನಿಗೆ ಮಾತ್ರ. ಅವನು ಬಸ್ಸಿನ ಕಂಡಕ್ಟರ್.

ಗುರುವಾರದಿಂದ ಆ ಸ್ಟಾಪಿನಲ್ಲಿ ಬಸ್ಸು ನಿಲ್ಲಲಿಲ್ಲ. ಇಳಿಯುವವರು ಓಡುವ ಬಸ್ಸಿನಿಂದ ಹಾರಿಕೊಂಡರು. ಅಂಗಡಿಯವ ಭಟ್ಟರಿಗೆ ಬೆಲ್ಲವನ್ನು ಉದ್ದ ಸೌಟಿನಲ್ಲಿ ಇಟ್ಟು ನೀಡಿದ. ಅಂಚೆಯವ ಭಟ್ಟರ ಕಾಗದವನ್ನು ಕಲ್ಲಿಗೆ ಕಟ್ಟಿ ಬೇಲಿಯಾಚೆಯಿಂದ ಎಸೆದ. ‘ಭಾನುವಾರ ಹತ್ತು ಗಂಟೆಗೆ ಬರುತ್ತೇವೆ’ ಎಂಬ ಮಹೇಶ್ವರ ಭಟ್ಟರ ಶುಭಪತ್ರ ತುಳಸಿಕಟ್ಟೆಗೆ ಬಡಿದು ಬಿತ್ತು.

“ನೋಡಿದಿಯಾ ಪರಮೇಶ್ವರೀ!” ಎಂದರು ಭಟ್ಟರು. “ನನ್ನ ಮದ್ದಿನ ಸುದ್ದಿ ಹಬ್ಬಿದೆ. ದೊಡ್ಡ ವೈದ್ಯರ ಹತ್ತಿರ ಜನ ಹೀಗೆಯೇ. ದೂರದಲ್ಲಿ ನಿಂತು ಮಾತಾಡುದು.”

“ಮದ್ದು ಶಂಕರಿಗೆ ಹಚ್ಚಿದರೆ ನಾನು ಬಾವಿಗೆ ಹಾರ್ತೇನೆ,” ಎಂದರು ಹೆಂಡತಿ.

“ಈಗಲೇ ಹಚ್ಚುದಿಲ್ಲ ಮಾರಾಯ್ತಿ. ಸುಣ್ಣ ಸ್ವಲ್ಪ ಕಡಿಮೆ ಮಾಡ್ಬೇಕು.” ಗೆರಟೆಯನ್ನೂ ಕೋಲನ್ನೂ ಅವರು ಜಗಲಿಯ ತುದಿಯಲ್ಲಿ ಜೋಪಾನವಾಗಿ ಇಟ್ಟರು.

ಭಾನುವಾರ ಬಂತು. ನೆಂಟರಿಗೆ ಬಾಳೆಲೆ ಕಡಿಯಲು ಜನ ಬೇಕೆಂದು ಭಟ್ಟರು ಕೇರಿಗೆ ಹೇಳಿ ಕಳಿಸಿದ್ದರು. ಚೆನ್ನು ತಲೆವಸ್ತ್ರದಿಂದ ಎಡಗೆನ್ನೆ ಮುಚ್ಚಿಕೊಂಡು ಬಂದಿದ್ದಳು. ಹತ್ತು ಗಂಟೆಗೆ ಮಹೇಶ್ವರ ಭಟ್ಟರು, ಅವರ ಹೆಂಡತಿ ದೇವಕಿಯಮ್ಮ ಮತ್ತು ಶಾಲನ್ನು ಗಲ್ಲದವರೆಗೆ ಹೊದ್ದ ಮಗ ಅಂಗಳಕ್ಕೆ ಬಂದರು. ಮೇ ತಿಂಗಳ ಸೆಕೆಯಲ್ಲಿ ಹುಡುಗನಿಗೆ ಶಾಲು ಯಾಕೆಂದು ಯಾರೂ ಕೇಳಲಿಲ್ಲ. ಕಾಲಿಗೆ ನೀರು ಕೊಟ್ಟರು. ಮಹೇಶ್ವರ ಭಟ್ಟರು ಬಲಗಾಲು ತೊಳೆದು ಎಡಗಾಲು ಎತ್ತಿದರು.

“ಇದ್ದಲ್ಲೇ ನಿಲ್ಲಿ! ಈ ಮನೆ ಬಂದ್!”

ಬೇಲಿಯ ತಡಮೆ ದಾಟಿ ಬಂದವನು ಹೆಲ್ತ್ ಇನ್ಸ್‌ಪೆಕ್ಟರ್ ಕೃಷ್ಣಮೋಹನ. ಮೂಗಿಗೆ ಕರವಸ್ತ್ರ, ಕಂಕುಳಲ್ಲಿ ಫಾರಂಗಳ ಕಟ್ಟು, ಹಿಂದೆ ಬ್ಲೀಚಿಂಗ್ ಪೌಡರಿನ ಡಬ್ಬಿ ಹೊತ್ತ ಇಬ್ಬರು ಆಳುಗಳು. ಅವರಿಂದ ಎರಡು ಮಾರು ಹಿಂದೆ, ಬೇಲಿಯಾಚೆ, ಬೆಳ್ಯಪ್ಪ ಗೌಡರು. ‘ಆ ಮೂವರ ನಂತರ ನಿಮ್ಮ ಕಡೆಯಿಂದ ಸಿಡುಬಿನ ವರದಿಯೇ ಇಲ್ಲ, ನಿದ್ದೆ ಮಾಡುತ್ತಿದ್ದೀರಾ?’ ಎಂದು ಇನ್ಸ್‌ಪೆಕ್ಟರಿಗೆ ಮೇಲಿನಿಂದ ಕಾಗದ ಬಂದಿತ್ತು. ಅಂದಿನಿಂದ ಅವನು ಜನರ ಮುಖವನ್ನು ಹಸಿದವನು ಹಲಸಿನ ಹಣ್ಣನ್ನು ನೋಡುವ ಹಾಗೆ ನೋಡುತ್ತಿದ್ದ.

“ವಸ್ತ್ರ ತೆಗಿ,” ಎಂದ ಚೆನ್ನುವಿಗೆ.

ತೆಗೆದಳು. ದೇವಕಿಯಮ್ಮ ಕಿಟಾರನೆ ಕಿರುಚಿದರು. ಮಹೇಶ್ವರ ಭಟ್ಟರ ಎಡಗಾಲು ಗಾಳಿಯಲ್ಲೇ ಉಳಿಯಿತು.

“ಸಿಡುಬೇ!” ಎಂದ ಇನ್ಸ್‌ಪೆಕ್ಟರ್, ಮಗ ಪಾಸಾದ ಸುದ್ದಿ ಕೇಳಿದವನಂತೆ. “ದಾಕು ಹಾಕಿಸಿದ್ದಿಯಾ, ಸಿಡುಬು ಬಾರದ ಹಾಗೆ?”

“ಇಲ್ಲ.”

“ಇಲ್ಲ ಹೇಳಿದರೆ? ನಿಮ್ಮ ಕೇರಿ ಪೂರ್ತಿ ಆಗಿದೆ ಹೇಳಿ ಪುಸ್ತಕದಲ್ಲಿ ಉಂಟು.”

“ದಾಕಿನವರು ಇದೇ ಜಗಲಿಯಲ್ಲಿ ಕೂತು ಕಾಪಿ ಕುಡಿದು ನಮ್ಮ ಹೆಸರು ಬರ್ಕೊಂಡು ಹೋದರು,” ಎಂದಳು ಚೆನ್ನು. “ಹೆಸರಿಗೆ ಚುಚ್ಚಿದ್ದಾರೆ. ಕೈಗೆ ಚುಚ್ಚಲಿಲ್ಲ.”

ಇನ್ಸ್‌ಪೆಕ್ಟರ್ ಕೆಮ್ಮಿದ. “ಅದು ಮತ್ತೆ ನೋಡುವ. ಈಗ ಗುಡ್ಡೆಯ ಚಪ್ಪರಕ್ಕೆ ನಡಿ. ಇಬ್ಬರು ಇದ್ದಾರೆ, ಜಾಗ ಉಂಟು.”

“ಮೂವರಿದ್ದರಲ್ಲ?” ಎಂದು ಬೇಲಿಯಾಚೆಯಿಂದ ಗೌಡರು ಕೇಳಿದರು.

“ಮೊನ್ನೆಯವರೆಗೆ ಮೂವರು.”

ಚೆನ್ನು ತನ್ನ ಎಡತೋಳನ್ನು ನೋಡಿಕೊಂಡಳು. ದಾಕಿನ ಗುರುತು ಇರಬೇಕಾದಲ್ಲಿ ಏನೂ ಇರಲಿಲ್ಲ. ಸುಟ್ಟ ಕೆನ್ನೆ ಹೊತ್ತು, ದಾಕಿಲ್ಲದ ತೋಳು ಹೊತ್ತು, ನಿಜವಾದ ಸಿಡುಬಿನ ನಡುವೆ ಹೋಗಿ ಮಲಗಬೇಕು. ಮೊನ್ನೆ ಖಾಲಿಯಾದ ಚಾಪೆಯಲ್ಲಿ.

“ಧನಿಗಳೇ,” ಎಂದಳು. “ಹೇಳಿ.”

ಭಟ್ಟರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ತೆರೆದರು. ಮಹೇಶ್ವರ ಭಟ್ಟರ ಒಂದು ಒದ್ದೆ ಕಾಲು, ಒಂದು ಒಣ ಕಾಲು ಕಂಡಿತು. ಮದ್ದು ಎಂದರೆ ಯಾರ ಮೊಡವೆಗೆ ಎಂದು ಕೇಳುತ್ತಾರೆ. ಸಿಡುಬು ಎಂದರೆ ಮನೆ ಬಂದ್.

“ಇನ್ಸ್‌ಪೆಕ್ಟರ್ರೇ, ಅದು ಸಿಡುಬು ಅಲ್ಲ.”

“ನಿಮಗೆ ಹೇಗೆ ಗೊತ್ತು?”

“ನಾನು ಸರ್ಟಿಫಿಕೇಟು ಆದವ.”

“ಯಾವುದರಲ್ಲಿ?”

“ಕೊಳೆರೋಗದಲ್ಲಿ.”

“ಅಯ್ಯೋ ದೇವರೇ, ಇಲ್ಲಿ ಕೊಳೆರೋಗವೂ ಉಂಟಾ!” ದೇವಕಿಯಮ್ಮ ಮಗನನ್ನು ಹಿಡಿದು ಎರಡು ಹೆಜ್ಜೆ ಹಿಂದೆ ಎಳೆದರು.

ಇನ್ಸ್‌ಪೆಕ್ಟರ್ ಫಾರಂ ಬಿಚ್ಚಿದ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಫಾರಂ ಇನ್ನೂ ಮದ್ರಾಸಿನದ್ದೇ.

“ಒಂದೇ ಕೆನ್ನೆಗೆ ಸಿಡುಬು ಬರುದುಂಟಾ ಸ್ವಾಮೀ?” ಎಂದರು ಭಟ್ಟರು.

“ಇನ್ನೊಂದಕ್ಕೆ ನಾಳೆ ಬರ್ತದೆ.” ಬರೆಯತೊಡಗಿದ.

ಆಗ ಭಟ್ಟರಿಗೆ ಮತ್ತೊಮ್ಮೆ ಬೆಳಕಾಯಿತು. ಅವರಿಗೆ ಬೆಳಕಾದಾಗಲೆಲ್ಲ ಬೇರೆ ಯಾರದೋ ಚರ್ಮ ಸುಡುತ್ತಿತ್ತು.

“ಗೇರುಬೀಜ!” ಎಂದು ಕೂಗಿದರು. “ಗೇರುಬೀಜ ಸುಡುವಾಗ ಸೊನೆ ಸಿಡಿದದ್ದು! ನಮ್ಮ ಗುಡ್ಡೆಯ ಬೀಜ ಕದ್ದು ಸುಟ್ಟಿದ್ದಾಳೆ. ಪಾಪ, ಹೆದರಿ ಹೇಳ್ಲಿಲ್ಲ. ನಾನು ಪಟೇಲರಿಗೆ ದೂರು ಕೊಡುದಿಲ್ಲ ಮಾರಾಯ್ರೆ, ಕ್ಷಮಿಸಿದ್ದೇನೆ!”

“ಕ್ಷಮಿಸಿದ್ರಾ?” ಎಂದ ಇನ್ಸ್‌ಪೆಕ್ಟರ್, ನಿರಾಸೆಯಿಂದ. “ಹಾಗಾದರೆ ಬೀಜ ಕದ್ದದ್ದು ನಾನೇ, ಸುಟ್ಟುಕೊಂಡದ್ದು ನಾನೇ ಹೇಳಿ ಇವಳು ಹೆಬ್ಬೆಟ್ಟು ಒತ್ತಲಿ. ನಾನು ಹೋಗ್ತೇನೆ.”

“ಒತ್ತು ಚೆನ್ನು,” ಎಂದರು ಭಟ್ಟರು. “ಒಂದು ಹೆಬ್ಬೆಟ್ಟು. ಎಂತ ಹೋಗ್ತದೆ?”

“ನಾನು ಕದಿಯಲಿಲ್ಲ.”

“ಹಾಗಾದರೆ ಸಿಡುಬು,” ಎಂದ ಇನ್ಸ್‌ಪೆಕ್ಟರ್.

“ಸಿಡುಬೂ ಅಲ್ಲ.”

“ಎರಡರಲ್ಲಿ ಒಂದು ಆಗ್ಲೇಬೇಕು ಕೂಸೇ. ಹೆಬ್ಬೆಟ್ಟು ಒತ್ತಿದರೆ ಮನೆ, ಒತ್ತದಿದ್ದರೆ ಗುಡ್ಡೆ. ಬೇಗ ಹೇಳು, ಬಿಸಿಲು ಏರ್ತಾ ಉಂಟು.”

ಆಳುಗಳು ಡಬ್ಬಿ ಕೆಳಗಿಟ್ಟು ಅವಳ ಎರಡೂ ಪಕ್ಕದಲ್ಲಿ ನಿಂತರು. ಚೆನ್ನು ಒಬ್ಬೊಬ್ಬರ ಮುಖ ನೋಡಿದಳು. ಪರಮೇಶ್ವರಿಯಮ್ಮ ಬಾಗಿಲ ಹಿಂದೆ ಸರಿದರು. ಗೌಡರು ಬೇಲಿಯ ಹಿಂದೆ ತಗ್ಗಿದರು. ಆಮೇಲೆ ಅವಳು ನಡೆದಳು. ಗುಡ್ಡೆಯ ಕಡೆಗಲ್ಲ. ಮೂರು ಮೆಟ್ಟಿಲು ಹತ್ತಿ ಜಗಲಿಗೆ.

ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರು. ಸುಟ್ಟ ಕೆನ್ನೆ ಕಂಡು ಕಿರುಚಿದ್ದು ಒಬ್ಬರು. ಜಗಲಿಯ ಮೇಲೆ ಅವಳ ಕಾಲು ಕಂಡು ಬೆಚ್ಚಿದ್ದು ಎಲ್ಲರೂ. ಸಿಡುಬಿನಲ್ಲೂ ಮೇಲೆ ಕೆಳಗೆ ಉಂಟು ನೋಡಿ.

ಚೆನ್ನು ತುದಿಯಲ್ಲಿದ್ದ ಗೆರಟೆಯನ್ನೂ ಕೋಲನ್ನೂ ಎತ್ತಿಕೊಂಡಳು.

“ಇದು ಹಚ್ಚಿದ್ದು. ಈ ಕೋಲಿನಲ್ಲಿ. ಹಚ್ಚಿದವರು ಧನಿಗಳು. ಶಂಕರಿಯಮ್ಮನಿಗೆ ಹಚ್ಚುವ ಮೊದಲು ನನಗೆ.”

“ತಂಪಿನ ಮದ್ದು ಮಾರಾಯ್ರೆ!” ಭಟ್ಟರ ಸ್ವರ ಏರಿತು. “ಚಂದನದಷ್ಟು ತಂಪು! ಅದರಿಂದ ಸುಡ್ಲಿಕ್ಕುಂಟಾ? ಇವಳದ್ದು ಸುಳ್ಳು!”

ಇನ್ಸ್‌ಪೆಕ್ಟರ್ ಕರವಸ್ತ್ರ ಸರಿಸಿ ಗೆರಟೆಯನ್ನು ಮೂಸಿದ. ಕಣ್ಣಲ್ಲಿ ನೀರು ಬಂತು. “ತಂಪಾ?”

“ಪಕ್ಕಾ ತಂಪು!”

“ಒಳ್ಳೆದಾಯ್ತು. ಹಾಗಾದರೆ ನಿಮ್ಮ ಕೆನ್ನೆಗೆ ಸ್ವಲ್ಪ ಹಚ್ಚಿಕೊಳ್ಳಿ. ಅರ್ಧ ಗಂಟೆ ನೋಡುವ. ಏನೂ ಆಗದಿದ್ದರೆ ಹುಡುಗಿಯದ್ದು ಸುಳ್ಳು, ಗುಡ್ಡೆಗೆ ನಡಿಲಿ.”

ಚೆನ್ನು ಹತ್ತಿಯನ್ನು ಅದ್ದಿದಳು. ಎರಡು ಮೊಳದ ಕೋಲನ್ನು ಚಾಚಿದಳು. ಮುಟ್ಟಲಿಲ್ಲ, ಅವಳಿಗೂ ಶಾಸ್ತ್ರ ಗೊತ್ತಿತ್ತು. ನೀಲಿ ಹತ್ತಿ ಭಟ್ಟರ ಎಡಗೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು. ಭಟ್ಟರು ಹಿಂದೆ ಸರಿದರು. ಕೋಲು ಮುಂದೆ ಬಂತು. ಬೆನ್ನಿಗೆ ಕಂಬ ತಾಗಿತು.

“ಅರ್ಧ ಗಂಟೆ ಧನಿಗಳೇ,” ಎಂದಳು. “ಉರಿಯುದು ಅಂದರೆ ಹಿಡಿಯುದು.”

“ಹಚ್ಚಿ ಭಟ್ರೇ,” ಎಂದ ಇನ್ಸ್‌ಪೆಕ್ಟರ್.

“ಹಚ್ಚುದಿಲ್ಲ!”

“ಯಾಕೆ?”

“ಸುಡ್ತದೆ ಮಾರಾಯ್ರೆ!”

ಹೇಳಿದ ಮೇಲೆ ಭಟ್ಟರು ಬಾಯಿಗೆ ಕೈ ಅಡ್ಡ ಹಿಡಿದರು. ಮಾತು ಆಗಲೇ ಅಂಗಳ ದಾಟಿ, ಬೇಲಿ ದಾಟಿ, ಗೌಡರ ಕಿವಿಗೆ ಹೋಗಿತ್ತು. ಇನ್ನು ಬಸ್ಸಿನ ಕಂಡಕ್ಟರಿಗೆ ತಲುಪುವುದಷ್ಟೇ ಬಾಕಿ.

ಮೊದಲು ನಕ್ಕದ್ದು ದೇವಕಿಯಮ್ಮ. “ಅಯ್ಯೋ, ಮೊಡವೆಗಾ ಇಷ್ಟೆಲ್ಲ! ನಮ್ಮವನಿಗೂ ಉಂಟು!” ಎಂದು ಮಗನ ಶಾಲನ್ನು ಎಳೆದರು. ಹುಡುಗನ ಗಲ್ಲದಲ್ಲಿ ಹದಿನಾಲ್ಕು ಇದ್ದವು. ಮಹೇಶ್ವರ ಭಟ್ಟರು ನಕ್ಕು ಎಡಗಾಲು ತೊಳೆದುಕೊಂಡರು. ಇನ್ಸ್‌ಪೆಕ್ಟರ್ ನಕ್ಕು ಫಾರಂ ಹರಿದ. ಆಳುಗಳು ನಕ್ಕರು. ಕಡೆಗೆ ಭಟ್ಟರೂ ನಕ್ಕರು, ಎಲ್ಲರಿಗಿಂತ ಜೋರಾಗಿ. ಒಂದು ನಿಮಿಷದಲ್ಲಿ ಅಂಗಳದ ಅಷ್ಟೂ ಸಂಗತಿ ಒಂದು ತಮಾಷೆಯಾಯಿತು. ಒಳಗಿನಿಂದ ಕಾಪಿಯ ಪರಿಮಳ ಬಂತು.

“ಆಯ್ತು ಚೆನ್ನು,” ಎಂದ ಇನ್ಸ್‌ಪೆಕ್ಟರ್, ಪೆನ್ನಿಗೆ ಮುಚ್ಚಳ ಹಾಕುತ್ತ. “ಗುಡ್ಡೆ ಬೇಡ. ಮನೆಗೆ ಹೋಗು. ಇದನ್ನು ಯಾರ ಹತ್ತಿರವೂ ಹೇಳ್ಲಿಕ್ಕೆ ಹೋಗ್ಬೇಡ.”

“ಇಳಿ ಇಳಿ,” ಎಂದರು ಭಟ್ಟರು. “ನೆಂಟರು ಕೂರ್ಬೇಕು.”

ಚೆನ್ನು ಜಗಲಿಯ ಮೇಲೆ ಕೂತಳು.

“ಬರೀರಿ,” ಎಂದಳು ಇನ್ಸ್‌ಪೆಕ್ಟರಿಗೆ.

“ಎಂತ ಬರೆಯುದು?”

“ಸಿಡುಬಿಗೆ ಕಾಗದ ಇತ್ತು. ಕದ್ದದ್ದಕ್ಕೆ ಕಾಗದ ಇತ್ತು. ಇದನ್ನೂ ಬರೀರಿ. ಯಾರು ಹಚ್ಚಿದ್ದು, ಯಾರಿಗೆ ಹಚ್ಚಿದ್ದು. ದಾಕು ಹಾಕ್ಲಿಲ್ಲ ಹೇಳಿಯೂ ಬರೀರಿ.”

“ಈ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.”

“ಗೆರೆ ಎಳೀರಿ.”

ನಗು ನಿಂತಿತು. ಕೋಲು ಇನ್ನೂ ಅವಳ ಕೈಯಲ್ಲೇ ಇತ್ತು. ಹತ್ತಿಯ ತುದಿಯಿಂದ ಒಂದು ನೀಲಿ ಹನಿ ನೆಂಟರಿಗೆಂದು ಹಾಸಿದ ಚಾಪೆಯ ಮೇಲೆ ಬಿತ್ತು.

“ಚೆನ್ನೂ,” ಎಂದರು ಭಟ್ಟರು, ಈ ಸಲ ಮೆಲ್ಲಗೆ. “ಇಳಿ.”

“ಇಳಿಯುದಿಲ್ಲ,” ಎಂದಳು ಚೆನ್ನು.